ದೊರೆಗೆ ಸಾಯಲು ಅಪ್ಪಣೆಯಾಗಿಲ್ಲ

ಜಿಲ್ಲಾ ಜೈಲು, ವಿಚಾರಣಾ ಕೈದಿಗಳ ಬ್ಯಾರಕ್
೯ ಫೆಬ್ರವರಿ ೨೦೨೨

ಅಕ್ಕಾ,

ಈ ಕಾಗದವನ್ನು ನಿನಗಿಂತ ಮೊದಲು ಜೈಲಿನ ಆಫೀಸಿನವರು ಓದುತ್ತಾರೆ. ಓದಲಿ. ಮೊದಲ ಸಾಲು ಅವರಿಗಾಗಿಯೇ: ಬೊಸೊಮ್‌ಕ್ರೊ ಅರಮನೆಯ ಅಡುಗೆಯವಳಾದ ನನ್ನ ಅಕ್ಕ ಅಬೆನಾ ಸಾರ್ಪೊಮಾ ನನಗೆ ಯಾವ ಸುದ್ದಿಯನ್ನೂ ಕೊಟ್ಟವಳಲ್ಲ. ಕೊಟ್ಟವನು ಶವಾಗಾರದ ಒಬ್ಬ ಮನುಷ್ಯ. ಅವನ ಹೆಸರನ್ನು ಪೊಲೀಸರು ಹೊಡೆದು ಕೇಳಿದರು, ನಾನು ಹೇಳಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ನಾನು ಬರೆದದ್ದಾದರೂ ಏನು? ನಮ್ಮ ದೊರೆ ನಾನಾ ಅಂಪೆಂ ಡಾರ್ಕೊ ಜನವರಿ ಹದಿನಾಲ್ಕರಂದು ತೀರಿಕೊಂಡರು. ಅವರ ದೇಹ ಬೇರೊಬ್ಬರ ಹೆಸರಿನಲ್ಲಿ ಕುಮಾಸಿ ಪಟ್ಟಣದ ಶವಾಗಾರದ ಶೀತಪೆಟ್ಟಿಗೆಯಲ್ಲಿದೆ. ಜನವರಿ ಇಪ್ಪತ್ತೈದರಂದು ಓಫಿನ್ ನದಿಯ ದಂಡೆಯನ್ನು ಚಿನ್ನ ತೋಡುವವರಿಗೆ ಬಿಟ್ಟುಕೊಟ್ಟ ಪತ್ರದ ಮೇಲೆ ಅವರ ಸಹಿಯಿದೆ. ಹೆಣ ಎದ್ದು ಬಂದು ಸಹಿ ಹಾಕಿತೆ? ಇಷ್ಟನ್ನು ಕೇಳಿದೆ.

ಈ ತಿಂಗಳ ಮೂರನೇ ತಾರೀಕು ಬೆಳಿಗ್ಗೆ ನಮ್ಮ ಸುದ್ದಿ ಪೋರ್ಟಲ್‌ನಲ್ಲಿ ಬಂತು. ಮಧ್ಯಾಹ್ನದೊಳಗೆ ಊರೆಲ್ಲ ಮೊಬೈಲ್ ಹಿಡಿದು ಓದಿತು. ಸಂಜೆ ರೇಡಿಯೊದಲ್ಲಿ ಅರಮನೆಯ ವಕ್ತಾರ ಒಕ್ಯಾಮೆ ನ್ಸಿಯಾ ಹೇಳಿದ: "ನಾನಾ ಚೆನ್ನಾಗಿದಾರೆ. ಮಧ್ಯಾಹ್ನ ತಾಳೆಕಾಯಿ ಸಾರಲ್ಲಿ ಫುಫು ಮುದ್ದೆ ಊಟ ಮಾಡಿದ್ರು." ರಾತ್ರಿ ನನ್ನನ್ನು ಎತ್ತಿಕೊಂಡು ಹೋದರು. ಸುಳ್ಳು ಸುದ್ದಿ ಹಬ್ಬಿಸಿದ ಕೇಸು.

ಸಂಪಾದಕ ಲಾಂಪ್ಟಿ ಅದಕ್ಕೆ ಸ್ವಲ್ಪ ಮೊದಲು ಫೋನ್ ಮಾಡಿದ್ದ. "ಹೆದರ್ಬೇಡ ಕಣಯ್ಯ ಫೊಫಿಯೆ, ನಿನ್ ಹಿಂದೆ ಇಡೀ ಪೋರ್ಟಲ್ ಇದೆ. ವಕೀಲರನ್ನ ಕಳಿಸ್ತೀನಿ. ದಿನಾ ಮುಖಪುಟದಲ್ಲಿ ನಿನ್ ಫೋಟೋ." ಅವನು ರಾಜಧಾನಿ ಅಕ್ರಾದವನು, ಸಮುದ್ರದ ಕಡೆಯವನು. ಅರಮನೆಯ ಹೆದರಿಕೆ ಅವನಿಗಿಲ್ಲ.

ನಿನ್ನನ್ನು ಒಂದೇ ಮಾತು ಕೇಳುತ್ತೇನೆ. ನೀನು ಈಗಲೂ ನಾನಾ ಅವರಿಗೆ ಅಡುಗೆ ಮಾಡುತ್ತಿದ್ದೀಯಾ?

ನಿನ್ನ ತಮ್ಮ
ಯಾವ್ ಫೊಫಿಯೆ


ಬೊಸೊಮ್‌ಕ್ರೊ
೨೦ ಫೆಬ್ರವರಿ

ಫೊಫಿಯೆ,

ಮರಗೆಣಸಿನ ಗಾರಿ ಹಿಟ್ಟು, ಒಂದು ಬಾಟಲಿ ಕರಿ ಮೆಣಸಿನ ಚಟ್ನಿ, ಎರಡು ಬನಿಯನ್, ಸೋಪು ಕಳಿಸಿದ್ದೇನೆ. ಮಿನಿಬಸ್ಸಿನ ಡ್ರೈವರ್ ಗೇಟಿನವರೆಗೆ ತಂದುಕೊಡುತ್ತಾನೆ. ಚಟ್ನಿಯನ್ನು ಬೇರೆಯವರಿಗೆ ಹಂಚಿ ನೀನು ಬರಿಗಾರಿ ತಿನ್ನುವ ಜಾತಿ. ಹಾಗೆ ಮಾಡಬೇಡ.

ಹೇಳಬಾರದ ಮಾತನ್ನು ಫುಟ್‌ಬಾಲ್ ಸ್ಕೋರ್ ಹೇಳುವ ಹಾಗೆ ಹೇಳಿಬಿಟ್ಟೆಯಲ್ಲೋ. ದೊರೆಯ ವಿಷಯದಲ್ಲಿ ಆ ಪದವನ್ನು ನಮ್ಮ ಅಜ್ಜಿ ತುಟಿಯ ಮೇಲೆ ತಂದದ್ದನ್ನು ನೀನು ಕೇಳಿದ್ದೀಯಾ? ಅರಮನೆ ಹೇಳುವ ತನಕ ಯಾರೂ ಹೇಳುವುದಿಲ್ಲ. ಪೀಠಕ್ಕೆ ಮುಂದಿನವರನ್ನು ಹುಡುಕಬೇಕು, ಹಿರಿಯರು ಒಪ್ಪಬೇಕು, ಹತ್ತು ಕೆಲಸ ಇರುತ್ತದೆ. ಅದಕ್ಕೆಂದು ಆ ಕಟ್ಟುಪಾಡು. ನೀನೂ ಈ ಊರಿನ ಮಗುವೇ, ನಿನಗೆ ನಾನು ಇದನ್ನು ಕಲಿಸಬೇಕೆ?

ನ್ಸಿಯಾ ಅಡುಗೆಮನೆಗೇ ಬಂದಿದ್ದ. ಬಾಗಿಲಲ್ಲಿ ನಿಂತು, "ಏನಮ್ಮ ಸಾರ್ಪೊಮಾ, ನಿನ್ ತಮ್ಮನ ಬಾಯಿಗೆ ಅಗಳಿ ಹಾಕ್ಸಿಲ್ವಾ?" ಅಂದ. "ಓದ್ಸಿದ್ದು ನೀವೇ ಅಲ್ವಾ ಸ್ವಾಮಿ, ಅರಮನೆ ಸ್ಕಾಲರ್‌ಶಿಪ್ಪು" ಅಂದೆ. ನಗಲಿಲ್ಲ. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ ಹೋದ.

ನಮ್ಮ ಸೋದರಮಾವ ಅರಮನೆಗೆ ಒಂದು ಕುರಿ, ಒಂದು ಬಾಟಲಿ ಸಾರಾಯಿ ಒಪ್ಪಿಸಿ ನಿನ್ನ ಪರವಾಗಿ ಮೊಣಕಾಲೂರಿ ಬಂದಿದ್ದಾನೆ. ಕುರಿ ಕಡಿದಾಯಿತು. ಇನ್ನು ಅವರ ಸಿಟ್ಟು ಇಳಿಯುತ್ತದೆ, ಕೇಸು ವಾಪಸ್ಸು ತೆಗೆದುಕೊಳ್ಳುತ್ತಾರೆ ಅಂತ ಮಾವ ಹೇಳುತ್ತಾನೆ.

ಅಡುಗೆ ಕೇಳಿದೆ. ನಾನಾ ಅವರ ಊಟ ಎಂದಿನಂತೆ ಒಳಗೆ ಹೋಗುತ್ತದೆ.

ನಿನ್ನ ಪೋರ್ಟಲ್ ನಾನು ನೋಡಿಲ್ಲ. ಫೋನಿನಲ್ಲಿ ಡೇಟಾ ಮುಗಿದಿದೆ.

ಅಬೆನಾ


ಜೈಲು
೬ ಮಾರ್ಚ್

ಅಕ್ಕಾ,

ಚಟ್ನಿ ಬಂತು. ಹಂಚಿದೆ. ಬಯ್ಯಬೇಡ, ಹಂಚದಿದ್ದರೆ ಇಲ್ಲಿ ಮಲಗಲು ಜಾಗ ಸಿಗುವುದಿಲ್ಲ.

ನನಗೆ ಇಲ್ಲಿ ಒಂದು ಹೆಸರಿಟ್ಟಿದ್ದಾರೆ: ಹೆಣದ ವರದಿಗಾರ. ಬೆಳಿಗ್ಗೆ ಎದ್ದ ಕೂಡಲೇ ಮೂಲೆಯಿಂದ ಒಬ್ಬ ಕೂಗುತ್ತಾನೆ, "ಏನ್ ವರದಿಗಾರ್ರೇ, ಇವತ್ತು ನಾನಾ ಏನ್ ತಿಂದ್ರು?" ಎಲ್ಲರೂ ನಗುತ್ತಾರೆ. ಲ್ಯಾಪ್‌ಟಾಪ್ ಕದ್ದವರು, ಕೋಳಿ ಕದ್ದವರು, ತಪ್ಪಾದ ರಸ್ತೆಯಲ್ಲಿ ನಿಂತದ್ದಕ್ಕೆ ಸಿಕ್ಕಿಬಿದ್ದವರು. ನದಿಯನ್ನೇ ಕದ್ದವನು ಮಾತ್ರ ಇವರ ನಡುವೆ ಒಬ್ಬನೂ ಇಲ್ಲ.

ಮುಖ್ಯ ವಾರ್ಡರ್ ನಮ್ಮ ಕಡೆಯವನೇ. ನಿನ್ನೆ ಕಂಬಿಯಾಚೆ ನಿಂತು ಮೆಲ್ಲಗೆ ಹೇಳಿದ: "ನಿನ್ ದೊರೆ ಹೋಗಿರೋದು ನಂಗೂ ಗೊತ್ತು ಕಣೋ, ನನ್ನ ಹೆಂಡ್ತಿಗೂ ಗೊತ್ತು. ಗೊತ್ತಿರೋದು ಬೇರೆ, ಹೇಳೋದು ಬೇರೆ." "ಹಾಗಾದ್ರೆ ನಾನ್ಯಾಕೆ ಒಳಗಿದೀನಿ?" ಅಂದೆ. "ನೀನು ಹೇಳ್ದೆ" ಅಂದ. ಇದಕ್ಕಿಂತ ಚೆನ್ನಾದ ತೀರ್ಪನ್ನು ಯಾವ ನ್ಯಾಯಾಧೀಶನೂ ಬರೆಯಲಾರ.

ಆ ಕಟ್ಟುಪಾಡನ್ನು ನಾನು ಬೈಯುತ್ತಿಲ್ಲ. ಹಿರಿಯರಿಗೆ ದುಃಖಿಸಲು ಸಮಯ ಬೇಕು, ಸರಿ. ಆದರೆ ದುಃಖದ ಪರದೆಯ ಹಿಂದೆ ಕೂತು ಯಾರೋ ಪೆನ್ನು ಹಿಡಿದು ನಮ್ಮ ಅವ್ವನ ಕೋಕೊ ತೋಟದ ಕೆಳಗಿನ ನೆಲವನ್ನು ಮಾರುತ್ತಿದ್ದಾರಲ್ಲ, ಅದಕ್ಕೂ ಕಟ್ಟುಪಾಡು ಎನ್ನಬೇಕೆ?

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಊಟ ಒಳಗೆ ಹೋಗುತ್ತದೆ ಎಂದು ಬರೆದೆ. ಅವರು ತಿನ್ನುತ್ತಾರೆ ಎಂದು ಬರೆಯಲಿಲ್ಲ. ನಾನು ಅರ್ಥ ಮಾಡಿಕೊಂಡೆ ಅಕ್ಕ. ಹೆದರುತ್ತಲೇ ಆದರೂ ನನ್ನ ಕಡೆ ನಿಂತಿದ್ದೀಯ. ವಕೀಲರಿಗೆ ಹೇಳಿದ್ದೇನೆ, ನಮ್ಮ ಕಡೆಯ ಸಾಕ್ಷಿಯಾಗಿ ನಿನ್ನ ಹೆಸರು ಕೊಡುತ್ತಾರೆ. ಇಡೀ ಊರಿನಲ್ಲಿ ಆ ಕೋಣೆಯ ಬಾಗಿಲವರೆಗೆ ದಿನವೂ ಹೋಗುವವಳು ನೀನೊಬ್ಬಳೇ. ನೀನು ಬಾಯಿ ಬಿಟ್ಟರೆ ನಾನು ಹೊರಗೆ.

ಫೊಫಿಯೆ


ಬೊಸೊಮ್‌ಕ್ರೊ
೨೨ ಮಾರ್ಚ್

ಫೊಫಿಯೆ,

ನನ್ನ ಹೆಸರು ತೆಗೆಸು.

ಕಾರಣ ಕೇಳಬೇಡ. ವಕೀಲರಿಗೆ ಹೇಳು, ಅಕ್ಕನಿಗೆ ಮಂಡಿನೋವು, ಕಟಕಟೆ ಹತ್ತಲು ಆಗುವುದಿಲ್ಲ ಅಂತ. ಬೇರೆ ಯಾರನ್ನಾದರೂ ಹುಡುಕಲಿ.

ಹೋದ ವಾರ ನನ್ನನ್ನು ಪೀಠದ ಕೋಣೆಗೆ, ಹಿಂದಿನ ದೊರೆಗಳ ಪೀಠಗಳನ್ನು ಇಟ್ಟಿರುವಲ್ಲಿಗೆ, ಕರೆದರು. ಹೆಂಗಸರು ಹೋಗುವ ಜಾಗವಲ್ಲ, ಆದರೂ ಕರೆದರು. ಕೈ ತೊಳೆಸಿ, ಚಪ್ಪಲಿ ಬಿಡಿಸಿ ಒಳಗೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದೆ. ಅಷ್ಟೇ.

ಇಲ್ಲಿ ಎಲ್ಲ ಚೆನ್ನಾಗಿದೆ. ದಿನಾ ಮಧ್ಯಾಹ್ನ ಇಬ್ಬರು ಹುಡುಗಿಯರು ಅಂಗಳದಲ್ಲಿ ಫುಫು ಕುಟ್ಟುತ್ತಾರೆ. ಮೊನ್ನೆ ಒಬ್ಬಳಿಗೆ ಜ್ವರ, ಗಾರಿಯೇ ಸಾಕು ಅಂದೆ. ನ್ಸಿಯಾ ಓಡಿ ಬಂದ. "ಕುಟ್ಟಮ್ಮ, ಕುಟ್ಟು. ಒನಕೆ ನಿಂತ್ರೆ ಊರಿಗೆ ಕೇಳ್ಸುತ್ತೆ" ಅಂದ. ನಾನೇ ಸೆರಗು ಕಟ್ಟಿಕೊಂಡು ಕುಟ್ಟಿದೆ. ತೋಳು ನೋವಾಯಿತೋ ಇಲ್ಲವೋ ತಿಳಿಯಲಿಲ್ಲ. ಈಗೀಗ ಯಾವುದೂ ತಿಳಿಯುವುದಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನಾಲಿಗೆಗೆ ಇಟ್ಟು ನೋಡಿದರೂ ಗೊತ್ತಾಗುವುದಿಲ್ಲ.

ನದಿಯ ನೀರು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದೆ. ಅವ್ವನ ತೋಟದ ಕೆಳಗೆ ಎರಡು ಹಳದಿ ಯಂತ್ರಗಳು ನಿಂತಿವೆ. ಅವ್ವ ನೋಡಿ, ಮನೆಗೆ ಬಂದು ಮಲಗಿದಳು. ಕುಡಿಯುವುದಕ್ಕೆ ಪ್ಯಾಕೆಟ್ ನೀರು ತರುತ್ತೇವೆ.

ಹೆಸರು ತೆಗೆಸು. ಮರೆಯಬೇಡ.

ಅಬೆನಾ


ಜೈಲು
೨ ಏಪ್ರಿಲ್

ಅಕ್ಕಾ,

ನಿನ್ನ ಕಾಗದ ತಡವಾಗಿ ಬಂತು. ಸಮನ್ಸ್ ಹೊರಟಾಗಿದೆ.

ಪೀಠದ ಕೋಣೆಯಲ್ಲಿ ನಿನ್ನನ್ನು ಹೆದರಿಸಿದ್ದಾರೆ, ಅಷ್ಟು ತಿಳಿಯದ ದಡ್ಡನಲ್ಲ ನಾನು. ಆದರೆ ಹೆದರಿಸಿದಷ್ಟೂ ನಿನಗೆ ರೋಷ ಹೆಚ್ಚುತ್ತದೆ. ಸ್ಕೂಲಿನಲ್ಲಿ ನನ್ನ ಕಿವಿ ಹಿಂಡಿದ ಮೇಷ್ಟ್ರ ಮನೆಗೆ ಹೋಗಿ ಅವರ ಹೆಂಡತಿಯ ಮುಂದೆ ಬೈದು ಬಂದವಳು ನೀನು.

ಒಂದೇ ವಾಕ್ಯ ಹೇಳು. ಉಳಿದದ್ದನ್ನು ವಕೀಲರು ನೋಡಿಕೊಳ್ಳುತ್ತಾರೆ. ಲಾಂಪ್ಟಿ ಕೋರ್ಟಿನ ಹೊರಗಿನಿಂದ ನೇರಪ್ರಸಾರ ಮಾಡುತ್ತಾನಂತೆ. ಇಡೀ ದೇಶ ನಿನ್ನ ಮಾತು ಕೇಳುತ್ತದೆ.

ಫೊಫಿಯೆ


ಜೈಲು, ಶಿಕ್ಷಾ ಕೈದಿಗಳ ಬ್ಯಾರಕ್
೨೭ ಏಪ್ರಿಲ್

ಅಬೆನಾ ಸಾರ್ಪೊಮಾ ಅವರಿಗೆ,

ಹದಿನೆಂಟು ತಿಂಗಳು. ಬಟ್ಟೆ ಬದಲಾಯಿಸಿದರು, ಬ್ಯಾರಕ್ ಬದಲಾಯಿಸಿದರು. ಇನ್ನೇನೂ ಬದಲಾದ ಹಾಗೆ ಅನ್ನಿಸುತ್ತಿಲ್ಲ.

ನೀನು ಆಡಿದ್ದನ್ನು ಇಲ್ಲಿ ಬರೆದಿಡುತ್ತೇನೆ. ಆಡಿದ್ದು ಇಷ್ಟೇ ಹೌದೋ ಅಲ್ಲವೋ ಎಂದು ನಾನೇ ದಿನಾ ನನ್ನನ್ನು ಕೇಳಿಕೊಳ್ಳುತ್ತಿದ್ದೇನೆ.

ನಮ್ಮ ವಕೀಲರು ಕೇಳಿದರು, "ನೀವು ನಾನಾ ಅವರಿಗೆ ಅಡುಗೆ ಮಾಡ್ತೀರಾ?"

"ದಿನಾ ಮಾಡ್ತೀನಿ ಸ್ವಾಮಿ."

"ಅವರು ಊಟ ಮಾಡ್ತಾರಾ?"

"ತಟ್ಟೆ ಖಾಲಿಯಾಗಿ ವಾಪಸ್ ಬರುತ್ತೆ."

"ನಾನಾ ಬದುಕಿದಾರಾ, ತೀರ್ಕೊಂಡಿದಾರಾ?"

ಆಗ ನೀನು ನನ್ನ ಕಡೆ ನೋಡಿದೆ. ನೋಡದಿದ್ದರೆ ಚೆನ್ನಾಗಿತ್ತು.

"ಅವ್ರು ಹೋದ್ರು ಅಂತ ಅರಮನೆ ನಂಗೆ ಹೇಳಿಲ್ಲ."

ಒಂದೊಂದು ಮಾತೂ ನಿಜ. ಎಲ್ಲ ಸೇರಿ ಸುಳ್ಳು. ಇಷ್ಟು ಚೊಕ್ಕವಾಗಿ ನನ್ನ ಪೋರ್ಟಲ್ಲಿನ ಯಾವ ಪಂಡಿತನೂ ಬರೆದಿಲ್ಲ.

ಆಮೇಲೆ ಸರ್ಕಾರಿ ವಕೀಲ ಎದ್ದು ಮಾವನ ಕುರಿಯನ್ನು ತಂದ. "ಆರೋಪಿಯ ಕುಟುಂಬದೋರು ಅರಮನೆಗೆ ಕುರಿ ಒಪ್ಪಿಸಿ ಕ್ಷಮೆ ಕೇಳಿದಾರೆ ಮಹಾಸ್ವಾಮಿ. ಸುದ್ದಿ ನಿಜ ಆಗಿದ್ರೆ ಕುರಿ ಯಾಕೆ ಕೊಡ್ತಿದ್ರು?" ನ್ಯಾಯಾಧೀಶರು ತಲೆಯಾಡಿಸಿದರು, ಬರೆದುಕೊಂಡರು. ನಾನು ಎದ್ದು ಕೂಗಿದೆ: ಮಹಾಸ್ವಾಮಿ, ನಮ್ಮ ಕಡೆ ಸುಳ್ಳು ಹೇಳಿದವನಿಂದ ಯಾರೂ ಕುರಿ ಕೇಳುವುದಿಲ್ಲ. ಸುಳ್ಳಿಗೆ ಬೈಗುಳ ಸಾಕು. ದೊರೆಯ ಸಾವನ್ನು ಹೊತ್ತಿಗೆ ಮೊದಲು ಬಾಯಿಬಿಟ್ಟವನಿಗೆ ಮಾತ್ರ ಕುರಿಯ ದಂಡ. ಅವರು ಕುರಿ ತೆಗೆದುಕೊಂಡದ್ದೇ ನನ್ನ ಮಾತು ನಿಜವೆಂಬುದಕ್ಕೆ ಸಾಕ್ಷಿ. ಕೂರಿಸಿದರು. ಅಲ್ಲಿ ಕೂತಿದ್ದ ನಮ್ಮೂರಿನವರಿಗೆಲ್ಲ ಇದು ಗೊತ್ತಿತ್ತು. ನ್ಸಿಯಾಗೂ ಗೊತ್ತಿತ್ತು. ನಿನಗೂ. ನೀವೆಲ್ಲ ನಿಮ್ಮ ನಿಮ್ಮ ಚಪ್ಪಲಿ ನೋಡುತ್ತ ಕೂತಿರಿ.

ಹೊರಗೆ ನೇರಪ್ರಸಾರ ಇರಲಿಲ್ಲ. ಲಾಂಪ್ಟಿ ಬಂದಿರಲಿಲ್ಲ. ಹೊಸದಾಗಿ ಬಂದ ಕೈದಿಯೊಬ್ಬ ಹೇಳಿದ, ನನ್ನ ವರದಿಯನ್ನು ಎರಡನೇ ದಿನವೇ ತೆಗೆದುಹಾಕಿದ್ದಾರಂತೆ. ಅದೇ ಜಾಗದಲ್ಲಿ ಅರಮನೆಗೆ ಕ್ಷಮಾಪಣೆ, ಪಕ್ಕದಲ್ಲಿ ಬಿಯರ್ ಜಾಹೀರಾತು. ಡೇಟಾ ಮುಗಿದಿದೆ ಎಂದು ಬರೆದಿದ್ದೆಯಲ್ಲ. ನೀನು ನೋಡಿದ್ದೆ.

ಉತ್ತರ ಬೇಡ.

ಯಾವ್ ಫೊಫಿಯೆ


ಬೊಸೊಮ್‌ಕ್ರೊ
೧೫ ಆಗಸ್ಟ್

ಫೊಫಿಯೆ,

ಎರಡು ಸಲ ಕಳಿಸಿದ ಗಂಟು ವಾಪಸ್ಸು ಬಂತು. ಕೈದಿ ಬೇಡ ಅಂದ ಅಂತ ಡ್ರೈವರ್ ಹೇಳಿದ. ಈ ಸಲ ಬಂದರೆ ಚಟ್ನಿಯನ್ನು ಹಂಚಿಬಿಡು, ನಾನು ಏನೂ ಅನ್ನುವುದಿಲ್ಲ.

ಪೋರ್ಟಲ್ ನೋಡಿದ್ದೆ. ನಿನಗೆ ಒಳಗೆ ಹಿಡಿದುಕೊಳ್ಳಲು ಅದೊಂದೇ ಇತ್ತು ಅಂತ ಬರೆಯಲಿಲ್ಲ.

ಅವ್ವನ ತೋಟದ ಕೆಳಗಿನ ಸಾಲು ಕುಸಿದು ಗುಂಡಿಗೆ ಬಿತ್ತು. ಹದಿನಾರು ಮರ ಇತ್ತೋ ಇಪ್ಪತ್ತೋ, ಅವ್ವನಿಗೆ ಗೊತ್ತು. ಕೇಳಿದರೆ ಹೇಳುವುದಿಲ್ಲ.

ನಾನು ಅಡುಗೆ ಮಾಡುತ್ತಿದ್ದೇನೆ.

ಅಬೆನಾ


ಜೈಲು
೩೦ ಸೆಪ್ಟೆಂಬರ್

ಸೋಪು ಬೇಕು. ತುರಿಕೆಗೆ ಹಚ್ಚುವ ಮುಲಾಮು ಬೇಕು. ಬೇರೆ ಏನೂ ಬೇಡ.

ಫೊಫಿಯೆ


ಕುಮಾಸಿ ಬಸ್‌ಸ್ಟ್ಯಾಂಡ್
೧೬ ನವೆಂಬರ್

ಫೊಫಿಯೆ,

ಸೋಪು, ಮುಲಾಮು ಈ ಕಾಗದದ ಜೊತೆಯಲ್ಲಿದೆ.

ಅರಮನೆ ಹೇಳಿತು. ಹತ್ತನೇ ತಾರೀಕು ಬೆಳಿಗ್ಗೆ ಡಂಗುರ ಹೊಡೆದರು, ಡೋಲು ಬಡಿದರು, ಅಂಗಡಿಗಳನ್ನು ಮುಚ್ಚಿಸಿದರು. ಊರೆಲ್ಲ ಕೆಂಪು ಕಪ್ಪು ಉಟ್ಟು ಹೊಸದಾಗಿ ಅತ್ತಿತು. ನಾನೂ ಅತ್ತೆ, ನೀರು ಬರಲಿಲ್ಲ. ನಾನಾ ನವೆಂಬರ್ ಒಂಬತ್ತರ ರಾತ್ರಿ ನಿದ್ದೆಯಲ್ಲಿ ಹೋದರಂತೆ. ನ್ಸಿಯಾ ವಕ್ತಾರನ ಕೋಲು ಹಿಡಿದು ಹಾಗೆಂದು ಘೋಷಿಸಿದ. ನಿನ್ನ ಪೋರ್ಟಲ್ ಎಲ್ಲರಿಗಿಂತ ಮೊದಲು ಹಾಕಿತು. ನೀನು ಹಬ್ಬದ ದಿನ ತೆಗೆದಿದ್ದ ನಾನಾ ಅವರ ಫೋಟೋ, ಕೆಳಗೆ ಲಾಂಪ್ಟಿಯ ಹೆಸರು.

ನಿನ್ನನ್ನು ಇನ್ನು ಬಿಡುತ್ತಾರೆ ಅಂದುಕೊಂಡೆ. ಇಷ್ಟು ತಿಂಗಳು ನಾನು ಒಲೆ ಮುಂದೆ ಕೂತದ್ದು ಆ ಒಂದು ದಿನಕ್ಕೇ. ಅವರು ಹೇಳಿಬಿಟ್ಟರೆ ಮುಗಿಯಿತು, ನನ್ನ ಬಾಯಿಂದ ಬರಬೇಕಾಗಿಲ್ಲ ಅಂತ. ಈ ದಿನ ವಕೀಲರ ಹತ್ತಿರ ಬಂದೆ. ಅವರು ಕನ್ನಡಕ ಒರೆಸಿಕೊಂಡು ಹೇಳಿದರು: "ಇಲ್ಲಮ್ಮ. ಮರಣಪತ್ರದಲ್ಲಿ ನವೆಂಬರ್ ಒಂಬತ್ತು ಅಂತಿದೆ. ಹಾಗಾದ್ರೆ ಫೆಬ್ರವರಿಲಿ ಬದುಕಿದ್ರು. ನಿಮ್ ತಮ್ಮ ಬರೆದಿದ್ದು ಸುಳ್ಳು ಅನ್ನೋದು ಈಗ್ಲೇ ಗಟ್ಟಿ ಆಯ್ತು. ನದಿ ದಂಡೆ ಪತ್ರದ ಸಹಿನೂ ಗಟ್ಟಿ ಆಯ್ತು."

"ಹಾಗಾದ್ರೆ ಜನವರಿ ಹದಿನಾಲ್ಕಕ್ಕೆ ನಾನು ತೊಳ್ದಿದ್ದು ಯಾರ ಮೈ ಸ್ವಾಮಿ?" ಅಂದೆ.

ವಕೀಲರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ಇದನ್ನ ಏಪ್ರಿಲ್‌ನಲ್ಲಿ ಹೇಳ್ಬೇಕಿತ್ತು. ಈಗ ಹೇಳಿದ್ರೆ ಕಟಕಟೆಲಿ ಸುಳ್ಳು ಹೇಳಿದ್ದಕ್ಕೆ ನಿಮ್ಮನ್ನೂ ಒಳಗೆ ಹಾಕ್ತಾರೆ. ಯೋಚನೆ ಮಾಡಿ." "ಮೊದ್ಲು ನನ್ ತಮ್ಮಂಗೆ ಹೇಳ್ತೀನಿ" ಅಂದು ಬಂದೆ.

ಹೇಳುತ್ತೇನೆ, ಕೇಳು. ಜನವರಿ ಹದಿನಾಲ್ಕು, ಶುಕ್ರವಾರ. ಜೋಳದ ಗಂಜಿ ತೆಗೆದುಕೊಂಡು ಹೋದೆ. ನಾನಾ ಎದ್ದಿರಲಿಲ್ಲ. ಬಟ್ಟಲನ್ನು ಕೆಳಗಿಟ್ಟು ಪಾದ ಮುಟ್ಟಿದೆ. ತಣ್ಣಗಿತ್ತು. ನಾನಾ ಅಂಪೆಂ ಡಾರ್ಕೊ ಸತ್ತಿದ್ದರು. ನ್ಸಿಯಾ ಮತ್ತು ಇಬ್ಬರು ಹಿರಿಯರು ಬಂದರು. ಬಾಗಿಲು ಹಾಕಿ ನನ್ನಿಂದಲೇ ಮೈ ತೊಳೆಸಿದರು. ಕತ್ತಲಾದ ಮೇಲೆ ನಾನಾ ಅವರನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ತಲೆಗೆ ಟೋಪಿ ಇಟ್ಟು, ಕುಮಾಸಿಗೆ ಕರೆದುಕೊಂಡು ಹೋದರು. ಮಾರನೆಯ ದಿನದಿಂದ ಆ ಕೋಣೆಗೆ ಹೋದ ಊಟವನ್ನೆಲ್ಲ ತಿಂದವನು ನ್ಸಿಯಾ. ಮಾರ್ಚ್‌ನಲ್ಲಿ ಪೀಠದ ಮುಂದೆ ನನ್ನಿಂದ ಆಣೆ ಹಾಕಿಸಿದರು: ಹೇಳಿದರೆ ನನ್ನ ಮಗಳ ಬಸಿರು ನಿಲ್ಲಬಾರದು ಅಂತ. ಅವಳಿಗೆ ಆಗ ಮೂರು ತಿಂಗಳು. ಸೆಪ್ಟೆಂಬರ್‌ನಲ್ಲಿ ಹೆರಿಗೆಯಾಯಿತು, ಹೆಣ್ಣು ಮಗು. ಅದನ್ನೂ ನಿನಗೆ ಬರೆಯಲಿಲ್ಲ.

ಜೈಲಿನ ಆಫೀಸಿನಲ್ಲಿ ಇದನ್ನು ಓದುತ್ತಿರುವ ಸ್ವಾಮಿ, ನೀವು ಯಾರಾದರೂ ಸರಿ, ಗಟ್ಟಿಯಾಗಿ ಓದಿ. ಪಕ್ಕದ ಮೇಜಿನವರಿಗೂ ಕೇಳಲಿ. ನಾನು ಸಾರ್ಪೊಮಾ, ಅರಮನೆಯ ಅಡುಗೆಯವಳಾಗಿದ್ದೆ. ನಿನ್ನೆ ಆ ಕೆಲಸ ಬಿಟ್ಟೆ.

ಅಕ್ಕ


ಜೈಲು
೪ ಡಿಸೆಂಬರ್

ಅಕ್ಕಾ,

ಸೋಪು, ಮುಲಾಮು ಬಂದವು.

ನಾನಾ ಹೋದ ಸುದ್ದಿಯನ್ನು ಇಲ್ಲಿ ಹಾಲ್‌ನ ಟಿವಿಯಲ್ಲಿ ತೋರಿಸಿದರು. ಬ್ಯಾರಕ್ಕಿನವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. "ವರದಿಗಾರ್ರೇ, ನಿಮ್ ಸುದ್ದಿ ನಿಜ ಆಯ್ತಲ್ಲ, ಪಾರ್ಟಿ ಯಾವಾಗ?" ಅಂದರು. ನಾನೂ ನಕ್ಕೆ. ಆಮೇಲೆ ತಾರೀಕು ಓದಿದರು. ಒಬ್ಬೊಬ್ಬರಾಗಿ ಹೋಗಿ ಮಲಗಿದರು.

ನಿನ್ನ ಕಾಗದ ಸಿಕ್ಕಿತು. ವಕೀಲರು ಬಾಗಿಲು ಹಾಕಿ ಬಂದ ತನಕ ಓದಲು ಬಂತು, ಅವರು ನಿನಗೆ ಹೇಳಿದ ಎಚ್ಚರಿಕೆಯೂ ಸಿಕ್ಕಿತು. ಅದಕ್ಕೆ ಮುಂಚಿನ ಒಂದು ಸಾಲು, ಆಮೇಲಿನ ಇಡೀ ಪುಟ, ಎಲ್ಲದರ ಮೇಲೆ ದಪ್ಪ ಕಪ್ಪು ಮಸಿ. ಕೊನೆಯಲ್ಲಿ 'ಅಕ್ಕ' ಅಂತ ಒಂದು ಪದ ಬಿಟ್ಟಿದ್ದಾರೆ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದೆ. ಏನೂ ಕಾಣುವುದಿಲ್ಲ.

ಮಸಿಯ ಕೆಳಗೆ ಏನಿದೆ ಎಂದು ನಾನು ಊಹಿಸುವುದಿಲ್ಲ. ನಿನ್ನ ಸಾಲುಗಳ ನಡುವೆ ಒಮ್ಮೆ ಓದಿ ನಿನ್ನನ್ನು ಕಟಕಟೆಗೆ ಎಳೆದೆ. ಇನ್ನು ಆ ಕೆಲಸ ಮಾಡುವುದಿಲ್ಲ. ಕೋರ್ಟಿಗೆ ಹೋಗುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನೀನು ಒಳಗೆ ಬಂದರೆ ಅವ್ವನನ್ನು ನೋಡುವವರಿಲ್ಲ, ಅದೂ ನನಗೆ ಗೊತ್ತು.

ಗುರುವಾರ ಭೇಟಿಯ ದಿನ. ನಡುವೆ ತಂತಿಬಲೆ ಇರುತ್ತದೆ, ಆಚೆ ಈಚೆ ಇಪ್ಪತ್ತು ಜನ ಒಟ್ಟಿಗೆ ಕೂಗಿ ಮಾತಾಡುತ್ತಾರೆ, ವಾರ್ಡರ್ ಹತ್ತಿರವೇ ನಿಂತಿರುತ್ತಾನೆ. ಮೆಲ್ಲಗೆ ಹೇಳಿದರೆ ನನಗೆ ಕೇಳಿಸುವುದಿಲ್ಲ.

ಬಾ. ಬಂದು ಬಾಯಿಬಿಟ್ಟು ಹೇಳು.

ಫೊಫಿಯೆ